ಒಪ್ಪಿದರೋ, ಬಿಟ್ಟರೋ

ಬ್ಯಾಡಗಿ
೧೯ ಜನವರಿ ೨೦೨೫

ಪ್ರೀತಿಯ ನೀಲಗಂಗಾ,

ಎಲ್ಲರೂ ಆರಾಮವಾಗಿದ್ದೇವೆ. ನಿನ್ನ ಕಾದಂಬರಿ ಹಿಂದಿರುಗಿಸಲು ತಡವಾಯಿತು, ಸಿಟ್ಟಾಗಬೇಡ. ಓದಿ ಮುಗಿಸಿ ಬಹಳ ದಿನವಾಯಿತು. ಅನುವಾದ ಚೆನ್ನಾಗಿದೆ, ಆದರೆ ಒಂದು ಕಡೆ ಆ ಹೆಂಗಸು ನದಿಯ ಬ್ಯಾಂಕಿನ ಮೇಲೆ ಕುಳಿತು ಅಳುತ್ತಾಳೆ. ಪೆನ್ಸಿಲಿನಿಂದ 'ದಂಡೆ' ಎಂದು ತಿದ್ದಿದ್ದೇನೆ. ನಿನ್ನ ಪುಸ್ತಕ, ಬೇಡವೆನಿಸಿದರೆ ಅಳಿಸಿಕೋ.

ಈಚೆಗೆ ನನ್ನ ತಲೆ ತಿಂದದ್ದು ಮಾತ್ರ ಪುಸ್ತಕವಲ್ಲ, ಒಂದು ವಾಟ್ಸಾಪ್ ಸಂದೇಶ. ನಮ್ಮ ಅಫ್ರೀನಳನ್ನು ನೋಡಲು ರಾಣೆಬೆನ್ನೂರಿನವರು ಬಂದಿದ್ದರೆಂದು ಹೇಳಿದ್ದೆನಲ್ಲ. ಹುಡುಗ ಶಾನವಾಜ, ಬೀಜದ ಕಂಪನಿಯಲ್ಲಿ ಕೆಲಸ. ಅವನ ತಂದೆ ಮಹಮ್ಮದಗೌಸರು ಮನೆಯವರನ್ನು ಕೇಳಿ ತಿಳಿಸುತ್ತೇನೆಂದು ಹೋದರು. ಆಮೇಲೆ ನಮ್ಮವರ ಫೋನಿಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು: 'ವಿ ಆಲ್ ಎಕ್ಸೆಪ್ಟ್ ಅಫ್ರೀನ್.'

ನಮ್ಮವರು ಗಟ್ಟಿಯಾಗಿ ಓದಿದರು. ಕಿವಿಗೆ 'ನಾವೆಲ್ಲ ಅಫ್ರೀನಳನ್ನು ಒಪ್ಪಿದ್ದೇವೆ' ಎಂದೇ ಕೇಳಿಸಿತು. ಕೂಡಲೇ ಪೇಢೆ ತರಿಸಿದರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಒಪ್ಪುವ 'ಅಕ್ಸೆಪ್ಟ್' ಇಂಗ್ಲಿಷಿನಲ್ಲಿ 'A' ಅಕ್ಷರದಿಂದ ಶುರುವಾಗಬೇಕು. ಇಲ್ಲಿ ಇದ್ದದ್ದು 'E'. ಈ 'ಎಕ್ಸೆಪ್ಟ್' ಅಂದರೆ ಹೊರತು. ಅಫ್ರೀನಳ ಹೊರತು ನಾವೆಲ್ಲ. ನಾವೆಲ್ಲ ಏನು? ವಾಕ್ಯ ಅಲ್ಲಿಗೇ ನಿಂತಿತ್ತು. ನಾನು ಇದನ್ನು ಹೇಳುವಾಗ ನಮ್ಮವರ ಕೈಯಲ್ಲಿ ಅರ್ಧ ಪೇಢೆ ಉಳಿದಿತ್ತು.

ನೀನೇ ಹೇಳು. ಮನೆಯೊಳಗೆ ಉರ್ದು, ಬೀದಿಗಿಳಿದರೆ ಕನ್ನಡ, ಎರಡೂ ಮನೆಯವರದು ಅದೇ. ಒಪ್ಪಿದೆವು ಎನ್ನಲು ಎರಡರಲ್ಲಿ ಯಾವುದಾದರೂ ಸಾಲುತ್ತಿತ್ತು. ಸಂಬಂಧದ ಮಾತು ಘನವಾಗಿ ಕಾಣಲಿ ಎಂದು ಬರುವ ಎರಡನ್ನೂ ಬಿಟ್ಟು ಬಾರದ ಮೂರನೆಯದಕ್ಕೆ ಕೈ ಹಾಕುತ್ತಾರೆ. ಅಲ್ಲಿ ಒಂದು ಅಕ್ಷರ ಜಾರುತ್ತದೆ, ಇಲ್ಲಿ ಒಂದು ಮನೆ ನಿದ್ದೆಗೆಡುತ್ತದೆ.

ಫೋನ್ ಮಾಡಿ ಕೇಳಿರಿ ಎಂದೆ. ಹೆಣ್ಣಿನ ಕಡೆಯವರು ತಾವಾಗಿ ಕೇಳಿದರೆ ಮರ್ಯಾದೆ ಉಳಿಯುವುದಿಲ್ಲ ಎಂದರು. ಅದೇ ಮರ್ಯಾದಸ್ಥರು ಆ ಸಂದೇಶವನ್ನು ಮೆಣಸಿನಕಾಯಿ ಮಾರುಕಟ್ಟೆಗೆ ಒಯ್ದು ಪಕ್ಕದ ಅಂಗಡಿಯ ಮಾಲತೇಶಪ್ಪನವರಿಗೆ ತೋರಿಸಿದ್ದಾರೆ. ಅವರು ನೋಡಿ, "ಹೂಂ ಅನ್ನಾಂವ ಕನ್ನಡದಾಗ ಅಂತಿದ್ದ ಸಾಹೇಬ್ರ. ಬ್ಯಾಡ ಅನ್ನಾಕ ಇಂಗ್ಲಿಷ್ ಬೇಕಾಕ್ಕೈತಿ" ಎಂದರಂತೆ. ಸಂಜೆಯ ಹೊತ್ತಿಗೆ ಅಂಗಡಿ ಅಂಗಡಿಯಲ್ಲೂ ನನ್ನ ಮಗಳ ಮದುವೆಯ ಕಾಗುಣಿತ ನಡೆದಿತ್ತು. ಮನೆಯಲ್ಲಿ ಮಾತ್ರ, ಅವಳ ಮನಸ್ಸು ನೋಯಬಾರದೆಂದು ಎಲ್ಲರದೂ ಪಿಸುಮಾತು.

ಒಂದು ವಾರ ತಡೆದೆ. ಕೊನೆಗೆ ಸೀರೆಯ ನೆಪ ಹೇಳಿ ನಿನ್ನೆ ಒಬ್ಬಳೇ ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಮಹಮ್ಮದಗೌಸರು ಚಹಾ ತರಿಸಿ, ನಾವೇಕೆ ಉತ್ತರ ಕೊಡಲಿಲ್ಲವೆಂದು ನನ್ನನ್ನೇ ಕೇಳಿದರು. ನಾನು ಸಂದೇಶದ ಮಾತೆತ್ತಿದೆ.

"ಒಪ್ಪಿದ್ವಿ ಅಂತನ ಬರದದ್ದ್ರಿ ಆಪಾ. ಎರಡೂ ಒಂದ ಕೇಳ್ತಾವಲ್ಲ."

"ಕೇಳಾಕ ಒಂದರಿ. ಓದಾಕ ಬ್ಯಾರೆ."

ಒಳಗಿನಿಂದ ಅವರ ಹೆಂಡತಿ, "ಕನ್ನಡದಾಗ ಬರೀರಿ ಅಂತ ಬಡಕೊಂಡೆ. ಹಗರ ಕಾಣ್ತೈತಿ ಅಂದ್ರು. ಈಗ ಭಾಳ ದೊಡ್ಡದು ಕಾಣಾಕತ್ತೈತಿ ನೋಡ್ರಿ" ಎಂದರು. ಮಹಮ್ಮದಗೌಸರು ಪೆಚ್ಚಾಗಿ ಫೋನ್ ತೆಗೆದು, ಸರಿಯಾದದ್ದನ್ನು ಹೇಳಿಕೊಡಿ ಎಂದರು. ನಾನು ಒಂದೊಂದೇ ಅಕ್ಷರ ಹೇಳಿದೆ, ಅವರು ಒಂದೊಂದನ್ನೇ ಒತ್ತಿದರು. ಅವರು ನನ್ನ ಮಗಳನ್ನು ಒಪ್ಪಿದ ಮಾತು ಹೀಗೆ ನನ್ನ ಬಾಯಿಂದಲೇ ತಪ್ಪಿಲ್ಲದೆ ಹೊರಟಿತು. ನಾನು ಮನೆ ಮುಟ್ಟುವುದರೊಳಗೆ ನಮ್ಮವರು ಮತ್ತೆ ಪೇಢೆ ತರಿಸಿದ್ದರು.

ಪುಸ್ತಕವನ್ನು ಹಾವೇರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಕಾವ್ಯಾಳ ಪರೀಕ್ಷೆ ಸುಸೂತ್ರವಾಗಿ ಆಗಲಿ. ಅಲ್ಲಾಹನು ನಿನ್ನ ಮನೆಯನ್ನು ತಂಪಾಗಿಡಲಿ.

ನಿನ್ನ,
ತಸ್ಲೀಮ್

ತಾ.ಕ.: ಇದನ್ನು ಬರೆಯದೆಯೇ ಲಕೋಟೆ ಅಂಟಿಸಬೇಕೆಂದಿದ್ದೆ. ನಿನ್ನೆ ಬಂದು ಸುದ್ದಿ ಹೇಳಿದಾಗ ಅಫ್ರೀನ್ ರೊಟ್ಟಿ ಮಾಡುತ್ತಿದ್ದಳು. ಹಂಚಿನ ಮೇಲಿನದು ಕರಿಹತ್ತಿದರೂ ತಿರುವಲಿಲ್ಲ. "ಅವರು ಬ್ಯಾಡ ಅಂದಾರಂತ ಒಂದ ವಾರ ಆರಾಮ ನಿದ್ದಿ ಮಾಡಿದ್ದೆ, ಅಮ್ಮಿ" ಎಂದಳು. ನನಗೆ ಮೊದಲು ತಿಳಿಯಲಿಲ್ಲ. ಆಗ, "ಅವರ ಮನಸಿನ್ಯಾಗ ಏನೈತಿ ಅಂತ ಕೇಳಾಕ ನೀ ಬಸ್ ಹತ್ತಿ ಹೋದಿ. ನನ್ನ ಕೇಳಾಕ ಅಡಿಗಿಮನಿತನಕ ಬರಲಿಲ್ಲ" ಎಂದಳು. ನಾನು ಕರಿಹತ್ತಿದ ರೊಟ್ಟಿ ಇಳಿಸಿ ಹೊರಗೆ ಬಂದೆ.

ಪಡಸಾಲೆಯಲ್ಲಿ ನಮ್ಮವರು ಫೋನಿನಲ್ಲಿ ಮಹಮ್ಮದಗೌಸರೊಡನೆ ನಿಕಾಹದ ತಾರೀಖು ಮಾತಾಡುತ್ತಿದ್ದಾರೆ. ಪತ್ರ ಇಲ್ಲಿಗೇ ಬಿಡುತ್ತೇನೆ ನೀಲಗಂಗಾ. ಹೋಗಿ ಆ ಫೋನು ಕೆಳಗಿಡಿಸಬೇಕು.