‘ಕಲ್ಲ’ ಎಂದು ಓದಬೇಕು

ಬೀದರ, ಸೋಮವಾರ
21 ಜನವರಿ 1957

ಚಿಂತಾಕಿಯಲ್ಲಿ ಸಿಟ್ಟಾಗಿ ಕುಳಿತಿರುವ ಶಾಂತಾಬಾಯಿಗೆ, ಬೀದರದಲ್ಲಿ ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡುತ್ತಿರುವ ನಿನ್ನ ಗಂಡನ ಶರಣು.

ನಗಬೇಡ, ಇದು ನನ್ನದೇ ಕೈಬರಹ. ಹುಟ್ಟಿದಾಗಿನಿಂದ ಕನ್ನಡ ಮಾತಾಡಿದವನು ಮೂವತ್ತೈದಕ್ಕೆ ಕನ್ನಡ ಬರೆಯಲು ಕಲಿಯುತ್ತಿದ್ದೇನೆ. ನಿಜಾಮರ ಕಾಲದ ಉರ್ದು ಸಾಲೆಯವನಿಗೆ, ಮೈಸೂರು ರಾಜ್ಯ ಸೇರಿದ ಎರಡೂವರೆ ತಿಂಗಳಲ್ಲಿ ಈ ಒತ್ತಕ್ಷರಗಳು ಹೇಗೆ ಒಲಿಯಬೇಕು ಹೇಳು? ಆಗಲೇ ಮೂರು ಹಾಳೆ ಹರಿದೆ.

ಹಾಡಿನ ವಿಷಯಕ್ಕೆ ಬರುತ್ತೇನೆ. ಪರದೇಶದಲ್ಲಿ ನಡೆಯುವ ಹಾಡಿನ ಪಂದ್ಯಕ್ಕೆ ನಮ್ಮ ದೇಶದಿಂದ ಒಂದೇ ಹಾಡು. ಜಿಲ್ಲೆಗೊಂದು ಬೆಂಗಳೂರಿಗೆ, ರಾಜ್ಯಕ್ಕೊಂದು ದಿಲ್ಲಿಗೆ, ಅಲ್ಲಿ ಗೆದ್ದವರು ಹಡಗು ಹತ್ತುವುದು. ಭಾಲ್ಕಿಯ ಮಠದ ಸಾಲೆಯಲ್ಲಿ ಕನ್ನಡ ಕಲಿತ ನೀನು “ನನ್ನ ಹಾಡ ನಾನೇ ಬರೀತೇನ್ರಿ” ಎಂದಿದ್ದೆ. ನಾನು ಕಚೇರಿಯ ಮನುಷ್ಯನಲ್ಲವೇ! “ಅರ್ಜಿ ಬರಿಯೋದು ನನಗ ಕಲಸ್ತೀ ಏನು?” ಎಂದು ಲೇಖನಿ ಕಸಿದುಕೊಂಡು ಉರ್ದು ಅಕ್ಷರದಲ್ಲಿ ಬರೆದೆ.

ಆ ಅಕ್ಷರದಲ್ಲಿ ಕೊಂಬು, ಒತ್ತುಗಳನ್ನು ಓದುವವನೇ ಊಹಿಸಿಕೊಳ್ಳಬೇಕು. ‘ಕಲ್ಲ’ ಎಂದರೂ ಅದೇ, ‘ಕುಲ’ ಎಂದರೂ ಅದೇ. ತವರಿನ ಎದುರು ಮನೆಯ ಕೌಸಲ್ಯಾಬಾಯಿಯ ಜೊತೆ ನೀನು ಬೀಸುತ್ತ ಹಾಡುವುದು “ನನ್ನ ಕಲ್ಲ ದೊಡ್ಡದು, ನಿನ್ನ ಕಲ್ಲ ಸಣ್ಣದು, ಹಿಟ್ಟು ಒಂದೇ ಗೆಳತಿ” ಎಂದು. ನಮ್ಮ ಕಚೇರಿಯ ಫಕ್ರೋದ್ದೀನ ಹಾಡು ಆರಿಸುವ ಸಮಿತಿಯ ಮುಂದೆ ಎರಡು ಕಡೆಯೂ ‘ಕುಲ’ ಎಂದು ಓದಿಬಿಟ್ಟ. ಅಯ್ಯೋ, ಸಮಿತಿಯ ಬೆಂಗಳೂರು ಸಾಹೇಬರ ಮುಖ ನೋಡಬೇಕಿತ್ತು! ಇಂಥ ಹಾಡನ್ನು ಲೋಕದ ಮುಂದೆ ಇಡುವುದೇ ಎಂದು ಕಾಗದ ಮಗುಚಿ ಇಟ್ಟರು. ಮೂರನೆಯ ಸಾಲು ಯಾರ ಕಿವಿಗೂ ಬೀಳಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಸರದಿ ಕಾಯುತ್ತಿದ್ದ ನಿನಗೆ, ಬೆಂಗಳೂರಿನವರಿಗೆ ನಮ್ಮ ಮಾತು ಸೇರಲಿಲ್ಲ ಎಂದು ಸುಳ್ಳು ಹೇಳಿದೆ. ನೀನು ತವರಿಗೆ ಹೋದೆ. ‘ಕುಲ’ ಎಂದು ಓದಿದ ನಿಜ ಸುದ್ದಿ ನಿನ್ನ ಹಿಂದೆಯೇ ಅಲ್ಲಿಗೂ ಬಂತು. “ಇಷ್ಟ ದಿನ ಮನಸಿನ್ಯಾಗ ಇದನ್ನ ಇಟ್ಕೊಂಡಿದ್ದಿ ಏನು?” ಎಂದು ಕೌಸಲ್ಯಾಬಾಯಿ ಕೇಳಿ ಬಾಗಿಲು ಹಾಕಿಕೊಂಡಳಂತೆ. ಕುಲ ಕೇಳಬಾರದೆಂದು ಮಠದಲ್ಲಿ ಕಲಿತು ಬೆಳೆದ ನಿನಗೆ ಈ ಮಾತು! ಅನ್ನ ಸೇರುತ್ತಿಲ್ಲ, ಕೋಟೆಯವರೆಗೆ ಸುಮ್ಮನೆ ಹೋಗುತ್ತೇನೆ, ಬರುತ್ತೇನೆ.

ಇವತ್ತು ಸಾಹೇಬರ ಹತ್ತಿರ ಹೋಗಿ, ಅದು ಬೀಸುವ ಕಲ್ಲು ಎಂದು ಬಿಡಿಸಿ ಹೇಳಿದೆ. ಗುರುವಾರ ಹನ್ನೊಂದಕ್ಕೆ ನಿನ್ನ ಬಾಯಿಂದಲೇ ಕೇಳುತ್ತಾರೆ. ಶುಕ್ರವಾರ ಪಟ್ಟಿ ಬೆಂಗಳೂರಿಗೆ ಹೋಗುತ್ತದೆ. ಆಮೇಲೆ ಯಾರೂ ಏನೂ ಮಾಡಲಾಗದು. ಈ ಕಾಗದವನ್ನು ಔರಾದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದೇನೆ. ನನ್ನ ಮನೆ ಮೆಟ್ಟಿಲು ಹತ್ತಬೇಡ ಬೇಕಾದರೆ, ನೇರ ಕಚೇರಿಗೆ ಹೋಗು. ಆದರೆ ಬಾ, ಶಾಂತಾ.

ನಿನ್ನ
ಹಾವಗೆಪ್ಪ

ತಾ.ಕ.: ಫಕ್ರೋದ್ದೀನನನ್ನು ಬೈಯಬೇಡ. ಓದುವ ಮೊದಲು ಅವನು ನನ್ನ ಪಕ್ಕ ಬಂದು “ಇದು ಕಲ್ಲ ಏನ್ರಿ, ಕುಲ ಏನ್ರಿ?” ಎಂದು ಕೇಳಿದ್ದ. ಇದನ್ನು ಕೌಸಲ್ಯಾಬಾಯಿಗೂ ಓದಿ ಹೇಳು. ಹಾಡು ಗೆದ್ದರೆ ನೀನು ಹಡಗು ಹತ್ತುತ್ತೀ ಎಂದು ನನಗೆ ಜೀವ ಹೋದಂತಾಗಿತ್ತು. ಹೋಗಬೇಡ ಎಂದು ನಿನಗೆ ಹೇಳುವ ಧೈರ್ಯ ನನಗಿರಲಿಲ್ಲ. ಅವನಿಗೆ ‘ಕುಲ’ ಎಂದೆ.