ಅರಿಶಿನ ಕುಂಕುಮದ ತೋಟ

ಹೊಳೆನರಸೀಪುರ
೧೮-೧-೨೦೦೯, ಭಾನುವಾರ

ಮೂತಿ ಊದಿಸಿಕೊಂಡು ಕೂತಿರುವ ನನ್ನ ಮುದ್ದು ನಿಸರ್ಗಾ,

ನಿನ್ನಮ್ಮನ ತುಂಬು ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ಮೈಸೂರಿನ ಹಾಸ್ಟೆಲ್ಲಿನ ಸಾರು ನೀರಾಗಿದೆ ಅಂತ ಊಟ ಬಿಡಬೇಡ, ಚಟ್ನಿಪುಡಿ ಕಳಿಸುತ್ತೇನೆ.

ಗೌರೀಶಂಕರ್ ಮೇಷ್ಟ್ರನ್ನು ಮದುವೆಯಾಗುತ್ತೇನೆ ಅಂತ ಫೋನಿನಲ್ಲಿ ಹೇಳಿದಾಗ ನೀನು ಕೇಳಿದ್ದು ಒಂದೇ ಮಾತು: ತೋಟ ಅವರ ಮನೆಗೆ ಹೋಗುತ್ತಾ ಅಂತ. ಅಮ್ಮಾ, ನಿನಗೆ ಖುಷಿಯಾ ಅಂತ ಕೇಳಬಹುದಿತ್ತಲ್ಲೇ ಕತ್ತೆ! ನಿಮ್ಮಪ್ಪ ಹೋದ ದುಃಖ ನಿನಗೆ ಇನ್ನೂ ಆರಿಲ್ಲ, ಗೊತ್ತು. ನನಗೂ ಆರಿಲ್ಲ. ಆದರೆ ಪ್ರಶ್ನೆ ಕೇಳಿದ್ದೀಯ, ಮಕ್ಕಳಿಗೆ ಪಾಠ ಹೇಳಿಯೇ ತಲೆ ನರೆತವಳು ನಾನು, ಉತ್ತರ ಕೊಡದೆ ಬಿಡುವುದಿಲ್ಲ.

ನಿನಗಿಂತ ಮೊದಲು ನಿನ್ನ ದೊಡ್ಡಪ್ಪ ನಂಜಪ್ಪನವರೇ ಬಂದು ಕೂತಿದ್ದರು. ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟು ಶುರು ಮಾಡಿದರು: “ನೋಡವ್ವ ಶಿವಗಂಗಾ, ನಿಮ್ಮಪ್ಪ ಆ ತ್ವಾಟ ಕೊಟ್ಟಿದ್ದು ಅರಿಶಿನ ಕುಂಕುಮಕ್ಕೆ. ಯಾರ ಹೆಸರಿನ ಕುಂಕುಮ? ನನ್ನ ತಮ್ಮಂದು. ಈಗ ಬ್ಯಾರೆಯೋರ ಹೆಸರಲ್ಲಿ ಇಟ್ಕತೀನಿ ಅಂದ್ರೆ ಇಟ್ಕೊ, ನಾನು ಬ್ಯಾಡ ಅನ್ನಕಿಲ್ಲ. ತ್ವಾಟ ಮಾತ್ರ ಈ ಮನೇಗೆ ಬುಟ್ಬುಟ್ಟು ಓಗು.” ನಿನ್ನ ತಾತ, ನನ್ನಪ್ಪ, ಅರಕಲಗೂಡಿನಿಂದ ಬಂದು, ಇವರ ಹೊಲದ ಪಕ್ಕದಲ್ಲೇ ತೆಂಗಿನ ತೋಟ ಕೊಂಡು, ನನ್ನ ಹೆಸರಿಗೆ ಬರೆಸಿ ಧಾರೆಯ ದಿನ ಕೊಟ್ಟಿದ್ದರಲ್ಲ, ಅದರ ಮಾತು. ಮೈಯೆಲ್ಲ ಉರಿದುಹೋಯಿತು. ಆದರೂ ಕುಂಕುಮದ ಜೊತೆಗೇ ತೋಟವೂ ಹೋಗುವುದೇನೋ ಅಂತ ನನಗೂ ಒಳಗೊಳಗೇ ಅಳುಕಾಯಿತು.

ಮೇಷ್ಟ್ರಿಗೆ ಹೇಳಿದೆ. ಚುನಾವಣೆ ಡ್ಯೂಟಿಯಲ್ಲಿ ಪರಿಚಯವಾದ ಮನುಷ್ಯ, ಈಗಲೂ ನನ್ನನ್ನು ಟೀಚರ್ ಅಂತಲೇ ಕರೆಯುವುದು. ಅನುಮಾನ ಇಟ್ಟುಕೊಂಡು ಮದುವೆ ಬೇಡ ಟೀಚರ್, ನಿಮ್ಮದೇನು, ನನ್ನದೇನು ಅಂತ ಮೊದಲೇ ಬರೆದಿಡೋಣ, ಅಂಥ ಫಾರಂ ಇಂಟರ್ನೆಟ್ಟಿನಲ್ಲೇ ಸಿಗುತ್ತದಂತೆ ಅಂದರು. ಸರಿ, ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿ ಬಂದರು. ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ ಕೂತೆವು. ಪಕ್ಕದ ಕಾಲೇಜು ಹುಡುಗಿಯರು ನಮ್ಮನ್ನು ನೋಡಿ ಕಿಸಕ್ಕೆಂದರು. ನಗಲಿ, ಅವರಿಗೂ ಒಂದು ದಿನ ಬೇಕಾಗುತ್ತದೆ ಅಂದುಕೊಂಡೆ.

ಮೇಷ್ಟ್ರು ಚಿತ್ರ ಬಿಡಿಸುವುದರಲ್ಲಿ ಹುಲಿ, ಟೈಪಿಂಗಿನಲ್ಲಿ ಒಂದು ಬೆರಳು. ಫಾರಂ ಮೊದಲು ಯಾವ ರಾಜ್ಯ ಅಂತ ಕೇಳಿತು. ಪಟ್ಟಿಯಲ್ಲಿ ಇದ್ದದ್ದೆಲ್ಲ ಅಮೆರಿಕದ ರಾಜ್ಯಗಳು, ಕರ್ನಾಟಕವೇ ಇಲ್ಲ! ಇವರು ಕ ಅಕ್ಷರದ್ದು ಹುಡುಕಿ ಕ್ಯಾನ್ಸಸ್ ಅಂತ ಒತ್ತಿಯೇಬಿಟ್ಟರು. ಅವರದು ಮನೆ, ಸ್ಕೂಟರು. ನನ್ನದು ಸರ, ಫ್ರಿಜ್ಜು, ತೋಟ. ತೋಟ ಹೇಗೆ ಬಂತು ಅಂತ ಮುಂದಿನ ಪ್ರಶ್ನೆ: ಕೊಂಡದ್ದೋ, ಪಿತ್ರಾರ್ಜಿತವೋ, ಉಡುಗೊರೆಯೋ? ಅರಿಶಿನ ಕುಂಕುಮ ಅಂತ ಅಲ್ಲಿ ಇರಲಿಲ್ಲ, ಉಡುಗೊರೆ ಅಂತ ಒತ್ತಿದೆವು. ತಕ್ಷಣ ಇನ್ನೊಂದು ಬಂತು: ಯಾರಿಗೆ ಕೊಟ್ಟದ್ದು? ಗಂಡನಿಗೋ, ಹೆಂಡತಿಗೋ, ಇಬ್ಬರಿಗೋ?

ನಿಸರ್ಗಾ, ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ ಕಣೇ. ಮೇಷ್ಟ್ರು ಮೌಸ್ ಬಿಟ್ಟು, ಇದನ್ನು ನೀವೇ ಒತ್ತಬೇಕು ಅಂತ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಲಾಯರನ್ನು ಕೇಳಿಯೇ ಒತ್ತುತ್ತೇನೆ ಅಂದೆ. ಆಗಿದ್ದಷ್ಟನ್ನು ಪ್ರಿಂಟ್ ಹಾಕಿಸಿಕೊಂಡು, ಸೀದಾ ಕೋರ್ಟಿನ ಹತ್ತಿರದ ಲಾಯರ್ ನೀಲಾಂಬಿಕೆಯವರ ಆಫೀಸಿಗೆ ನಡೆದೆವು.

ಕ್ಯಾನ್ಸಸ್ ನೋಡಿ ಆಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸಮಾಧಾನವಾಗಿ ಹೇಳಿದರು. ಈ ಕಾಗದಕ್ಕೆ ಇಲ್ಲಿ ಬೆಲೆಯಿಲ್ಲ. ನಮ್ಮ ಕಾನೂನಿನಲ್ಲಿ ತಾಳಿ ಕಟ್ಟಿದ ಮಾತ್ರಕ್ಕೆ ಅವನದು ಅವಳದಾಗುವುದಿಲ್ಲ, ಅವಳದು ಅವನದಾಗುವುದಿಲ್ಲ. ತವರಿನವರು ಮದುವೆಯಲ್ಲಿ ಹೆಣ್ಣಿನ ಹೆಸರಿಗೆ ಕೊಟ್ಟದ್ದು ಸ್ತ್ರೀಧನ, ಪೂರ್ತಿ ಅವಳದೇ. ಗಂಡ ಸತ್ತರೂ ಅವಳದು, ಮತ್ತೆ ಮದುವೆಯಾದರೂ ಅವಳದು. ಉಯಿಲು ಬರೆಯದೆ ಅವಳೇ ಹೋದರೆ ಮಾತ್ರ ಮಕ್ಕಳಿಗೂ ಆಗ ಇರುವ ಗಂಡನಿಗೂ ಪಾಲು. ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಹೊರಗೆ ಬಂದಾಗ ಏನು ಧೈರ್ಯ ಅಂತೀಯ! ಮೇಷ್ಟ್ರಿಗೆ ಜಾಮೂನು ಕೊಡಿಸಿದೆ.

ಮಾರನೆಯ ದಿನವೇ ಕಾಯಿ ಕೀಳುವವರನ್ನು ನಾನೇ ಕರೆಸಿದೆ. ನಿಮ್ಮಪ್ಪ ಹೋದ ಮೇಲೆ ಕೀಳಿಸುತ್ತಿದ್ದವರು ನಿನ್ನ ದೊಡ್ಡಪ್ಪ ತಾನೇ? ಸುದ್ದಿ ತಿಳಿದು ದಾಪುಗಾಲು ಹಾಕಿಕೊಂಡು ಬಂದರು. ಯಾರನ್ನ ಕೇಳಿ ಮರ ಹತ್ತಿಸಿದ್ದು ಅಂತ ಗುಡುಗಿದರು. ಭಾವ, ನನ್ನನ್ನೇ ಕೇಳಿಕೊಂಡೆ, ನಾನೇ ಒಪ್ಪಿಗೆ ಕೊಟ್ಟೆ ಅಂದೆ. ಮರದ ಮೇಲಿದ್ದವನಿಗೆ ನಗು ತಡೆಯಲಾಗಲಿಲ್ಲ. ಲಾಯರಮ್ಮ ಹೇಳಿದ್ದನ್ನೆಲ್ಲ ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಯಿ ರಾಶಿಯ ಪಕ್ಕ ನಿಂತಿದ್ದ ನನ್ನನ್ನು ನೀನು ನೋಡಬೇಕಿತ್ತು. ನನಗೇ ನನ್ನ ಮೇಲೆ ಹೆಮ್ಮೆಯಾಯಿತು. ಅವರು ಟವೆಲ್ ಕೊಡವಿ ಹೊರಟುಹೋದರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ತೋಟ ಮೇಷ್ಟ್ರ ಮನೆಗೆ ಹೋಗುವುದಿಲ್ಲ. ಅವರೇ ನನಗೆ ಬೇಡ ಅಂದಿದ್ದಾರೆ. ಹಾಗಂತ ನಾಳೆಯೇ ನಿನಗೂ ಬರುವುದಿಲ್ಲ. ಉಯಿಲನ್ನು ನಿನ್ನ ಹೆಸರಿಗೇ ಬರೆಸುತ್ತೇನೆ, ಆದರೆ ಅಲ್ಲಿಯವರೆಗೆ ಅದು ನನ್ನದು. ದೊಡ್ಡಪ್ಪ, ನೀನು, ಊರವರು, ಎಲ್ಲರೂ ತೋಟ ಯಾರಿಗೆ ಹೋಗುತ್ತೆ ಅಂತ ಕೇಳಿದಿರಿ. ಯಾರದು ಅಂತ ಕೇಳಿದ್ದು ಆ ಕ್ಯಾನ್ಸಸ್ ಫಾರಂ ಒಂದೇ. ನಾಳೆ ನಿನ್ನ ಮದುವೆಯಲ್ಲಿ ನಾನೇನು ಕೊಟ್ಟರೂ ನಿನ್ನದು ನಿನ್ನದೇ ಅಂತ ತಿಳಿದುಕೊಂಡಿರು. ಕೋಪ ಬಂದರೆ ಎರಡು ದಿನ ಇಟ್ಟುಕೊಂಡು ಆಮೇಲೆ ಫೋನ್ ಮಾಡು.

ಮತ್ತೆ, ನೀನು ಕೇಳದೆ ಬಿಟ್ಟ ಪ್ರಶ್ನೆಗೂ ಉತ್ತರ ಬರೆದುಬಿಡುತ್ತೇನೆ. ಹೌದು, ನನಗೆ ಖುಷಿಯಾಗಿದೆ.

ಇಂತಿ,
ತೋಟದ ಯಜಮಾನಿ, ನಿನ್ನ ಅಮ್ಮ
ಶಿವಗಂಗಮ್ಮ

ಮ.ವಿ.: ಕಾಗದ ಅಂಟಿಸುವಷ್ಟರಲ್ಲಿ ದೊಡ್ಡಪ್ಪ ಬಂದಿದ್ದರು. ಈ ಸಲ ಕೂರಲಿಲ್ಲ, ಬಾಗಿಲಲ್ಲೇ ನಿಂತರು. ಅರಕಲಗೂಡಿಗೆ ಕೊಟ್ಟ ಅವರ ಮಗಳಿಗೆ ಅರಿಶಿನ ಕುಂಕುಮಕ್ಕೆ ಅಂತ ಇವರು ಬರೆದುಕೊಟ್ಟ ಗದ್ದೆಯನ್ನು, ಅವಳನ್ನು ಒಂದು ಮಾತೂ ಕೇಳದೆ ಮಾರುವುದಕ್ಕೆ ಅತ್ತೆ ಮನೆಯವರು ಗಿರಾಕಿ ಕರೆದುಕೊಂಡು ಬಂದಿದ್ದಾರಂತೆ. “ಅದೂ ನಮ್ಮ ಮಗೀದೇ ಅಲ್ವೇನವ್ವ? ಆ ಲಾಯರಮ್ಮನತ್ರ ನನ್ನೂ ಕರ್ಕೊಂಡೋಗು” ಅಂದರು, ಕಣ್ಣು ತುಂಬಿಕೊಂಡಿತ್ತು. ನಾಳೆ ಬೆಳಿಗ್ಗೆ ಹೋಗುತ್ತಿದ್ದೇವೆ. ನಮ್ಮ ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಿ, ಮೂರು ಸಾಕ್ಷಿ ಬೇಕು. ಒಬ್ಬರು ಲಾಯರಮ್ಮ. ಇನ್ನೊಂದು ರುಜು ನೀವು ಹಾಕಿ ಭಾವ ಅಂದೆ. ತಲೆ ಕೆರೆದುಕೊಂಡು, ಆಯ್ತು ಕಣವ್ವ ಅಂದರು. ಮೂರನೆಯದು ನಿನ್ನದು, ಬಾ.