ದಾರ ಕಟ್ಟಿದ ಕೊನೆಯ ಅಧ್ಯಾಯಗಳು

ಕ್ಯಾತ್ಸಂದ್ರ
೯ ಫೆಬ್ರವರಿ ೨೦೨೫, ಭಾನುವಾರ ಬೆಳಗ್ಗೆ

ಮನೆಯಲ್ಲಿ ಒಬ್ಬಳೇ ಇದ್ದೇನೆ. ಕಿಟಕಿಯ ಪಕ್ಕ ಕೂತಿದ್ದೇನೆ.

ಕನಕರಾಜು ಅವರಿಗೆ,

ನೀವೂ ಅತ್ತೆಯೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಾನು ಕುಣಿಗಲ್ ಬಿಟ್ಟು ಬಂದ ಮೇಲೆ ನಾವು ಫೋನಿನಲ್ಲಿ ಆಡಿದ್ದೆಲ್ಲ ಗ್ಯಾಸ್ ಸಿಲಿಂಡರು, ರೇಷನ್ ಕಾರ್ಡು, ಅತ್ತೆಯ ಮಾತ್ರೆ, ಇಷ್ಟೆ. ಇದು ಫೋನಿನಲ್ಲಿ ಹೇಳುವಂಥದ್ದಲ್ಲ.

ಕೇಳುವುದನ್ನು ಮೊದಲೇ ಕೇಳುತ್ತೇನೆ. ನನ್ನ ಪುಸ್ತಕಗಳನ್ನು ನೀವು ಇಟ್ಟುಕೊಳ್ಳುತ್ತೀರಾ? ಅಂಗಡಿಯ ಹಿಂದೆ ಸುಟ್ಟ ಪಂಪ್ ಮೋಟಾರುಗಳನ್ನು ಗುಡ್ಡೆ ಹಾಕುವ ಕೋಣೆ ಇದೆಯಲ್ಲ, ಅಲ್ಲಿ ಒಂದು ಗೋಡೆ ಸಾಕು. ನಾನು ಚಿಕ್ಕ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಜಾಗವಿಲ್ಲ.

ಎಲ್ಲವೂ ಅನುವಾದಗಳೇ. ನೀವು ಬಲ್ಲಿರಿ, ಬೇರೆಯದನ್ನು ನಾನು ಕೊಂಡವಳಲ್ಲ. ಒಂದೇ ಕಾದಂಬರಿಯ ಎರಡು ಅನುವಾದ ಸಿಕ್ಕರೆ ಎರಡನ್ನೂ ತಂದು ಅಕ್ಕಪಕ್ಕ ಇಟ್ಟು ಓದುತ್ತಿದ್ದೆ. ಒಂದರಲ್ಲಿ ಮುದುಕ ನಿಟ್ಟುಸಿರು ಬಿಡುತ್ತಾನೆ, ಇನ್ನೊಂದರಲ್ಲಿ ಸುಮ್ಮನಾಗುತ್ತಾನೆ. ಮೂಲದಲ್ಲಿ ಅವನು ಏನು ಮಾಡಿದನೋ ಎಂದು ನಾನು ಯೋಚಿಸುತ್ತಾ ಒಲೆಯ ಮೇಲಿನ ಹಾಲು ಉಕ್ಕಿಸಿದ ದಿನ ನೀವು ಹೇಳಿದ್ದಿರಿ, "ಅವ್ನು ಏನಾರ ಮಾಡ್ಕಳ್ಳಿ ಕಣೇ, ನೀನು ಹಾಲು ನೋಡು."

ಅಕ್ಕಪಕ್ಕ ಇಟ್ಟಿದ್ದನ್ನು ಬೇರೆ ಮಾಡಬೇಡಿ. ಗೋಡೆಗೆ ಒರಗಿಸಬೇಡಿ, ತೇವ ಹಿಡಿಯುತ್ತದೆ. ಗುಬ್ಬಿಯಿಂದ ತಂದವುಗಳಿಗೆ ಹುಳು ಬೇಗ ಬೀಳುತ್ತದೆ. ಗುಬ್ಬಿಯ ವನಜಮ್ಮನವರು ನಿಮಗೆ ನೆನಪಿರಬೇಕು. ತೀರಿಹೋದ ಗಂಡನ ಪುಸ್ತಕಗಳನ್ನು ಜಗಲಿಗೆ ತಂದು ಹಾಕಿ, "ತೂಕುಕ್ಕೆ ಹಾಕೋ ಬದ್ಲು ನೀನೇ ತಗೊಂಡೋಗವ್ವ, ಓದೋ ಕೈಗೆ ಹೋಗ್ಲಿ" ಎಂದರು. ಗಂಡನಿಗೆ ಓದುವ ಹುಚ್ಚಿತ್ತಾ ಎಂದು ನೀವು ಕೇಳಿದ್ದಕ್ಕೆ, "ತರೋ ಹುಚ್ಚಿತ್ತು ಕಣಪ್ಪ. ಓದೋದು ಆಮೇಲೆ ಅಂತಿದ್ರು" ಎಂದರು. ದಾರಿಯುದ್ದಕ್ಕೂ ನೀವು ಅದನ್ನೇ ಹೇಳಿ ನಕ್ಕಿರಿ. ನಾನೂ ನಕ್ಕೆ.

ಮುಖ್ಯವಾದ ವಿಷಯ ದಾರದ್ದು. ಕೆಲವು ಪುಸ್ತಕಗಳ ಕೊನೆಯ ಅಧ್ಯಾಯ ದಾರ ಕಟ್ಟಿಕೊಂಡೇ ಇದೆ. ಅದು ನಿಮ್ಮ ಅಂಗಡಿಯದೇ ದಾರ, ಮೋಟಾರಿನ ತಾಮ್ರದ ಸುರುಳಿಗಳನ್ನು ಬಿಗಿದು ಕಟ್ಟುವ ಬಿಳಿ ದಾರ. ತುಂಬ ಹಿಡಿಸಿದ ಕಾದಂಬರಿಯ ಕೊನೆಯ ಅಧ್ಯಾಯವನ್ನು ನಾನು ಓದುತ್ತಿರಲಿಲ್ಲ. ಆ ಹಾಳೆಗಳನ್ನು ಒಟ್ಟಿಗೆ ಕಟ್ಟಿ, ನಿವೃತ್ತಿಯಾದ ಮೇಲೆ ಒಂದೊಂದಾಗಿ ಬಿಚ್ಚಿ ಓದೋಣವೆಂದು ಎತ್ತಿಡುತ್ತಿದ್ದೆ. ಅಲ್ಲಿಯವರೆಗೆ ಕಾದಂಬರಿಯೊಳಗಿನವರು ಯಾರೂ ಸಾಯುವುದಿಲ್ಲ, ಯಾರೂ ಅಗಲುವುದಿಲ್ಲ ಎಂಬ ಸಮಾಧಾನವಿತ್ತು. ಅತ್ತೆ ಅದನ್ನು ಕಂಡು, "ನೋಡ್ಲಾ ಕನಕ, ನಿನ್ ಹೆಂಡ್ತಿ ಪುಸ್ತಕಕ್ಕೂ ತಾಳಿ ಕಟ್ಟವ್ಳೆ" ಎಂದಿದ್ದರು. ನೀವು, "ಮಜ್ಜಿಗೆ ಅನ್ನ ಬಿಟ್ಟು ಎದ್ದೋಗ್ತೀಯಲ್ಲೇ, ಯಾವ ಸೀಮೆ ಊಟ ಇದು?" ಎಂದಿರಿ.

ನಿಮ್ಮದು ಇದಕ್ಕೆ ತಿರುಗುಮುರುಗು. ಇಡೀ ಪುಸ್ತಕ ಓದುವ ತಾಳ್ಮೆ ನಿಮಗಿರಲಿಲ್ಲ. ಆದರೆ ಮಧ್ಯಾಹ್ನ ಉಂಡು ಮಲಗುವ ಮುಂಚೆ ನನ್ನ ದಾರ ಬಿಚ್ಚಿ, ಕಡೆಯ ಪುಟ ಒಂದನ್ನೇ ಓದಿ, ಮತ್ತೆ ಮೊದಲಿಗಿಂತ ಅಚ್ಚುಕಟ್ಟಾಗಿ ಕಟ್ಟಿಡುತ್ತಿದ್ದಿರಿ. ಗಂಟು ನೋಡಿದರೆ ಗೊತ್ತಾಗುತ್ತಿತ್ತು, ಅಂಥ ಗಂಟು ನನಗೆ ಬರುವುದಿಲ್ಲ. ಅಂತ್ಯವನ್ನು ನನಗೆ ಹೇಳಬಾರದು ಎಂಬ ಒಂದೇ ಮಾತು ನಮ್ಮಲ್ಲಿತ್ತು, ಅದನ್ನು ನೀವು ನಡೆಸಿಕೊಂಡು ಬಂದಿರಿ.

ಆ ಒಂದು ಸಂಜೆಯವರೆಗೆ. ಕುಣಿಗಲ್ಲಿನಿಂದ ತುಮಕೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡಲು ಆಗುತ್ತಿಲ್ಲ, ವಾರವೆಲ್ಲ ಅಲ್ಲೇ ಇದ್ದು ಶನಿವಾರ ಬರುತ್ತೇನೆ ಎಂದೆ. ನೀವು ಸುರುಳಿ ಸುತ್ತುತ್ತಲೇ ಇದ್ದಿರಿ. ಆಮೇಲೆ, ನಾನು ಆಗ ಓದುತ್ತಿದ್ದ ದೀಪಸ್ತಂಭದ ಕಾದಂಬರಿಯನ್ನು ಎತ್ತಿದಿರಿ. ದ್ವೀಪದಲ್ಲಿ ದೀಪ ಕಾಯುವವನನ್ನು ಬಿಟ್ಟು ಹೆಂಡತಿ ಟಪಾಲಿನ ದೋಣಿ ಹತ್ತಿ ಹೋಗುತ್ತಾಳೆ. ಅವಳು ಹಿಂದಿರುಗುತ್ತಾಳೋ ಇಲ್ಲವೋ ಎಂಬಲ್ಲಿಗೆ ನಾನು ದಾರ ಕಟ್ಟಿದ್ದೆ. "ಆ ದೀಪದೋನ ಹೆಂಡ್ತಿ ವಾಪಸ್ ಬರಲ್ಲ ಕಣೇ. ಅವ್ನು ಒಬ್ನೇ ಕೂತ್ಕಂಡು ಉಣ್ತಾನೆ. ಹೋಗೋರೆಲ್ಲ ಹಂಗೇ, ಶನಿವಾರ ಅಂತಾರೆ, ಬರಲ್ಲ" ಎಂದಿರಿ.

ಆ ಶನಿವಾರ ನಾನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಬರುವುದಿಲ್ಲವೆಂದು ನೀವು ಹೇಳಿಯಾದ ಮೇಲೆ ಬರುವುದು ಹೇಗೆ ಎಂದು ತಿಳಿಯಲಿಲ್ಲ. ನೀವೂ ಕರೆಯಲಿಲ್ಲ, ಪುಸ್ತಕಗಳನ್ನು ಮಾತ್ರ ಕಳಿಸಿಕೊಟ್ಟಿರಿ.

ಇಷ್ಟು ಬರೆದ ಮೇಲೆ ಚಿಕ್ಕ ಮನೆಯ ನೆಪ ನಿಲ್ಲುವುದಿಲ್ಲ. ನಾನು ಎಲ್ಲಿಗೂ ಹೋಗುತ್ತಿಲ್ಲ. ನನಗೆ ಕಣ್ಣು ಹೋಗುತ್ತಿದೆ. ಮೊದಲು ಅಕ್ಷರಗಳು ಬಾಗಿ ಕಂಡವು, ಅಚ್ಚಿನ ತಪ್ಪೆಂದುಕೊಂಡೆ. ತುಮಕೂರಿನ ಕಣ್ಣಿನ ಡಾಕ್ಟರು, "ಸುತ್ತ ಕಾಣುತ್ತೆ ಮೇಡಂ, ಮಧ್ಯ ಕಾಣಲ್ಲ. ಓಡಾಡೋಕೆ ಏನೂ ತೊಂದ್ರೆ ಇಲ್ಲ" ಎಂದರು. ಓದೋಕೆ ಎಂದು ಕೇಳಿದೆ. ಅವರು ಚೀಟಿ ಬರೆಯತೊಡಗಿದರು. ಸೂಜಿಮದ್ದು ಕೊಟ್ಟರು. ಇನ್ನು ಕೊಡುವುದರಿಂದ ಪ್ರಯೋಜನವಿಲ್ಲ ಎಂದು ಕಳೆದ ಸಲ ಹೇಳಿದರು.

ಈಗ ಯಾರ ಮುಖ ನೋಡಿದರೂ ಕಿವಿ, ಕೂದಲು ಕಾಣುತ್ತವೆ, ಮುಖವಿರುವುದಿಲ್ಲ. ಪುಟದ ಅಂಚು ಕಾಣುತ್ತದೆ. ಈ ಕಾಗದವನ್ನು ಕೈಯ ಅಭ್ಯಾಸದಿಂದ ಬರೆಯುತ್ತಿದ್ದೇನೆ, ಸಾಲು ಓರೆಯಾಗಿದ್ದರೆ ಅದಕ್ಕೇ. ಮೇ ತಿಂಗಳಲ್ಲಿ ನಿವೃತ್ತಿ. ಬಿಚ್ಚಿ ಓದಬೇಕೆಂದು ಕಟ್ಟಿಟ್ಟದ್ದೆಲ್ಲ ಹಾಗೇ ಇದೆ. ಕಪಾಟಿನ ಮುಂದೆ ನಿಂತು ಬೆರಳಿನಿಂದ ಗಂಟುಗಳನ್ನು ಮುಟ್ಟಿ ನೋಡುತ್ತೇನೆ. ನನ್ನದು ಯಾವುದು, ನಿಮ್ಮದು ಯಾವುದು ಎಂದು ತಿಳಿಯುತ್ತದೆ. ಹೆಚ್ಚಿನವು ನಿಮ್ಮವು.

ಆ ಪುಸ್ತಕಗಳೊಳಗಿನವರೆಲ್ಲರ ಅಂತ್ಯ ಬಲ್ಲವರು ನನ್ನ ಪರಿಚಯದಲ್ಲಿ ನೀವೊಬ್ಬರೇ. ಅದನ್ನು ಕೇಳುವ ಧೈರ್ಯ ನನಗಿಲ್ಲ, ಆದ್ದರಿಂದ ಪುಸ್ತಕಗಳನ್ನೇ ಕಳಿಸುತ್ತಿದ್ದೇನೆ. ಯಾವುದಾದರೂ ವಾಹನ ಇತ್ತ ಬಂದಾಗ ತಿಳಿಸಿ.

ಅತ್ತೆಗೆ ನಮಸ್ಕಾರ ಹೇಳಿ. ಕಣ್ಣಿನ ವಿಷಯ ಅವರಿಗೆ ಬೇಡ.

ಇಂತು,
ಅನುಪಮಾ

ಮರೆತ ಮಾತು, ಶುಕ್ರವಾರ:

ಕಾಗದವನ್ನು ಇನ್ನೂ ಅಂಚೆಗೆ ಹಾಕಿಲ್ಲ. ದೀಪಸ್ತಂಭದ ಕಾದಂಬರಿಯ ದಾರ ಬಿಚ್ಚಿದೆ. ಭೂತಗನ್ನಡಿ ಹಿಡಿದು, ಓರೆಗಣ್ಣಿನಿಂದ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ. ಬಿಸಿಲು ಕಿಟಕಿಯಲ್ಲಿ ಇರುವಷ್ಟು ಹೊತ್ತು, ದಿನಾ ಇಷ್ಟಿಷ್ಟು. ಇನ್ನೊಂದನ್ನು ಹೀಗೆ ಓದಲಾರೆ.

ನೀವು ಹೇಳಿದ್ದು ಸುಳ್ಳಲ್ಲ. ಕಡೆಯ ಪುಟದಲ್ಲಿ ಅವನು ಒಬ್ಬನೇ ಕೂತು ಉಣ್ಣುತ್ತಾನೆ. ಆದರೆ ನಾಲ್ಕು ಪುಟ ಹಿಂದೆ ದೋಣಿ ಬರುತ್ತದೆ, ಅವಳು ಇಳಿಯುತ್ತಾಳೆ. ಅವನು ಉಣ್ಣುವಾಗ ಅವಳು ಜ್ವರದಲ್ಲಿ ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ. ಉಂಡು ಎದ್ದವನು ಇನ್ನೊಂದು ತಟ್ಟೆಯ ಮೇಲೆ ಬಟ್ಟೆ ಮುಚ್ಚುತ್ತಾನೆ. ಆ ಸಾಲನ್ನೂ ನೀವು ಓದಿರಬೇಕು. ಹಿಂದಿನ ಪುಟ ತಿರುವದವರಿಗೆ ಅದು ಯಾರ ತಟ್ಟೆ ಎಂದು ಹೇಗೆ ತಿಳಿಯಬೇಕು. ಅವಳು ಉಳಿಯುತ್ತಾಳೋ ಇಲ್ಲವೋ, ಪುಸ್ತಕ ಹೇಳುವುದಿಲ್ಲ.

ವಾಹನ ಕಳಿಸುವುದು ಬೇಡ. ಈ ಒಂದು ಪುಸ್ತಕವನ್ನೂ ಈ ಕಾಗದವನ್ನೂ ಹಿಡಿದು ನಾಳೆ, ಶನಿವಾರ, ಕುಣಿಗಲ್ಲಿಗೆ ಬರುವುದೆಂದು ತೀರ್ಮಾನಿಸಿದ್ದೇನೆ. ಬಸ್ಸಿನ ಬೋರ್ಡು ಕಾಣುವುದಿಲ್ಲ, ಯಾರನ್ನಾದರೂ ಕೇಳಿ ಹತ್ತಬೇಕು. ಚೀಲವನ್ನು ಅಟ್ಟದಿಂದ ಇನ್ನೂ ಇಳಿಸಿಲ್ಲ.